ಬ್ರೇಕಿನ ದೂರು, ಆಯಿಲ್ ಸೀಲಿನ ದೋಷ

ಮಲೆನಾಡಿನ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ದುಡಿಯುವ ಫೋರ್ ವೀಲ್ ಜೀಪುಗಳ ಖರ್ಚನ್ನು ಬಿಡಿಬಿಡಿಯಾಗಿ ನೋಡಿದರೆ, ದೋಷವನ್ನು ಸರಿಪಡಿಸಲು ಕೊಟ್ಟ ಹಣಕ್ಕಿಂತ ದೋಷ ಎಲ್ಲಿದೆಯೆಂದು ತಿಳಿಯುವ ಮೊದಲೇ ಬದಲಾಯಿಸಿದ ಬಿಡಿಭಾಗಗಳಿಗೆ ಕೊಟ್ಟ ಹಣವೇ ಹಲವು ಸಲ ಹೆಚ್ಚಾಗಿರುತ್ತದೆ. ಇದಕ್ಕೆ ವಾಹನದ ರಚನೆಯೂ ಒಂದು ಕಾರಣ. ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ ಕಾರಿನಲ್ಲಿ ಇಲ್ಲದ ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್ ಬಾಕ್ಸಿನಿಂದ ಬಂದ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ, ಇಲ್ಲಿ ಇರುತ್ತದೆ. ಮೆಕ್ಯಾನಿಕ್‌ಗಳು ಕ್ರೌನ್ ಎಂದು ಕರೆಯುವ, ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಹಿಂದೊಂದು ಮುಂದೊಂದು ಇರುತ್ತದೆ. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡು ಕ್ರೌನ್‌ಗಳ ಆಯಿಲ್, ಬ್ರೇಕ್, ಕ್ಲಚ್ ಮತ್ತು ಪವರ್ ಸ್ಟೀರಿಂಗ್‌ಗಳ ಆಯಿಲ್, ಜೊತೆಗೆ ರೇಡಿಯೇಟರಿನ ಕೂಲಂಟ್ ಎಲ್ಲವನ್ನೂ ಎಣಿಸಿದರೆ ಒಂದೇ ವಾಹನದಲ್ಲಿ 9 ಬೇರೆ ಬೇರೆ ಜಾಗಗಳಲ್ಲಿ ದ್ರವಗಳು ತುಂಬಿಕೊಂಡಿರುತ್ತವೆ. ಸೋರುವ ಜಾಗಗಳು ಇಷ್ಟೊಂದಿರುವಾಗ, ಸೋರಿದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಪರ್ಸು ತೆರೆಯುವುದು ನಷ್ಟದ ದಾರಿ.

ಈ ಮಾತಿಗೆ ಆಧಾರವಾಗಿ ಈ ಅಂಕಣಕಾರರ ಕೈಗೆ ಬಂದ ಒಂದು ತೋಟದ ಜೀಪಿನ ಬಿಲ್ಲುಗಳನ್ನು ಇಲ್ಲಿ ಪರಿಶೀಲಿಸಬಹುದು. ಸಕಲೇಶಪುರದ ಕಡೆಯ ಸಣ್ಣ ಬೆಳೆಗಾರರೊಬ್ಬರ ಆ ಡೀಸೆಲ್ ಜೀಪು ಇಳಿಜಾರಿನಲ್ಲಿ ಬ್ರೇಕು ಹಾಕಿದಾಗ ಮೊದಲಿನಂತೆ ನಿಲ್ಲುತ್ತಿರಲಿಲ್ಲ, ಹಿಂಭಾಗ ಒಂದು ಬದಿಗೆ ಸರಿದಂತಾಗುತ್ತಿತ್ತು. ಮೊದಲ ಗ್ಯಾರೇಜಿನವರು ಹಿಂದಿನ ಎರಡೂ ಚಕ್ರಗಳ ಬ್ರೇಕ್ ಶೂಗಳನ್ನು, ಅಂದರೆ ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರವನ್ನು ತಡೆಯುವ ಲೈನಿಂಗ್ ಹೊದಿಸಿದ ಕಮಾನುಗಳನ್ನು ಬದಲಾಯಿಸಿದರು. ಕೆಲವು ದಿನ ಬ್ರೇಕು ಚೆನ್ನಾಗಿ ಹಿಡಿದು ಮತ್ತೆ ಹಳೆಯ ಸ್ಥಿತಿಗೆ ಬಂದಾಗ, ಎರಡನೆಯ ಗ್ಯಾರೇಜಿನವರು ಪೆಡಲಿನ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ದ್ರವದ ಮೂಲಕ ಕಳಿಸುವ ಮಾಸ್ಟರ್ ಸಿಲಿಂಡರನ್ನೇ ಹೊಸದಾಗಿ ಹಾಕಿ, ಬ್ರೇಕ್ ಆಯಿಲ್ ಬದಲಾಯಿಸಿ ಏರ್ ತೆಗೆದರು. ಅದರಿಂದಲೂ ಗುಣ ಕಾಣದಿದ್ದಾಗ ಚಕ್ರದ ಬಳಿಯ ವೀಲ್ ಸಿಲಿಂಡರುಗಳೂ ಮತ್ತೊಂದು ಜೊತೆ ಶೂಗಳೂ ಬಂದವು. ಕಾಫಿ ಕೊಯ್ಲಿನ ದಿನಗಳಲ್ಲಿ ಜೀಪು ಗ್ಯಾರೇಜಿನಲ್ಲಿ ನಿಂತಿದ್ದರಿಂದ ಚೀಲ ಸಾಗಿಸಲು ಬಾಡಿಗೆ ಪಿಕಪ್ ಗೊತ್ತುಮಾಡಬೇಕಾಯಿತು.

ಕೊನೆಗೆ ಹಿಂದಿನ ಬಲಗಡೆಯ ಡ್ರಮ್ಮನ್ನು ಬಿಚ್ಚಿ ಹಗಲು ಬೆಳಕಿನಲ್ಲಿ ನೋಡಿದವನು ಒಬ್ಬ ವಯಸ್ಸಾದ ಮೆಕ್ಯಾನಿಕ್. ಲೈನಿಂಗ್ ಒಣಗಿ ಬೂದುಬಣ್ಣಕ್ಕಿರಬೇಕಾದಲ್ಲಿ ಕಪ್ಪಗೆ ಹೊಳೆಯುತ್ತಿತ್ತು. ಡ್ರಮ್ಮಿನ ತಳದಲ್ಲಿ ಬ್ರೇಕಿನ ಪುಡಿ ಉದುರುದುರಾಗಿರದೆ ದಪ್ಪನೆಯ ರಾಡಿಯಾಗಿ ಅಂಟಿಕೊಂಡಿತ್ತು. ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಘಾಟು ಬರುತ್ತಿತ್ತು. ಆ ಘಾಟು ಬ್ರೇಕ್ ಆಯಿಲಿನದಲ್ಲ, ಹಲ್ಲುಗಳ ಮೇಲಿನ ಭಾರಿ ಒತ್ತಡವನ್ನು ತಡೆಯಲು ಗಂಧಕದ ಸಂಯುಕ್ತಗಳನ್ನು ಬೆರೆಸಿರುವ ಗೇರ್ ಆಯಿಲಿನದು. ಆಕ್ಸಲ್‌ನ ತುದಿಯಲ್ಲಿ ಆಯಿಲನ್ನು ಹೌಸಿಂಗಿನ, ಅಂದರೆ ಕ್ರೌನನ್ನು ಮುಚ್ಚಿರುವ ಲೋಹದ ಕವಚದ, ಒಳಗೇ ಹಿಡಿದಿಡುವ ರಬ್ಬರ್ ತುಟಿಯ ಆಯಿಲ್ ಸೀಲ್ ಸೋತು, ಕ್ರೌನಿನ ಆಯಿಲ್ ಡ್ರಮ್ಮಿಗೆ ಹರಿದಿತ್ತು. ಸೀಲ್ ಸೋಲಲು ಕಾರಣ ಇನ್ನೂ ಮೇಲಿತ್ತು. ಹೌಸಿಂಗಿನ ನೆತ್ತಿಯಲ್ಲಿ ಬ್ರೀದರ್ ಎಂಬ ಪುಟ್ಟ ಉಸಿರುಗಂಡಿ ಇರುತ್ತದೆ. ಓಡಿ ಬಿಸಿಯಾದಾಗ ಹಿಗ್ಗುವ ಗಾಳಿ ಅದರ ಮೂಲಕ ಹೊರಬರಬೇಕು. ತೋಟದ ಕೆಮ್ಮಣ್ಣು ಒಣಗಿ ಅದು ಸಂಪೂರ್ಣ ಕಟ್ಟಿಕೊಂಡಿದ್ದರಿಂದ, ಹೊರಬರಲು ದಾರಿಯಿಲ್ಲದ ಒತ್ತಡ ಆಯಿಲನ್ನು ಸೀಲಿನ ಅಂಚಿನಿಂದ ಹೊರದೂಡಿತ್ತು. ಬ್ರೀದರನ್ನು ನೋಡದೆ ಬರೀ ಸೀಲ್ ಬದಲಾಯಿಸಿದ್ದರೆ ಹೊಸ ಸೀಲೂ ಅದೇ ಹಾದಿ ಹಿಡಿಯುತ್ತಿತ್ತು.

ಬಿಲ್ಲಿನ ಮೊತ್ತಗಳನ್ನು ಲೆಕ್ಕ ಸುಲಭವಾಗಲೆಂದು ದುಂಡಾಗಿಸಿ ಕೂಡಿದರೆ ಚಿತ್ರ ಹೀಗಿದೆ. ಮೊದಲ ಜೊತೆ ಶೂಗಳಿಗೆ 2,400 ರೂಪಾಯಿ, ಮಾಸ್ಟರ್ ಸಿಲಿಂಡರಿಗೆ 4,200, ಬ್ರೇಕ್ ಆಯಿಲ್ ಮತ್ತು ಏರ್ ತೆಗೆದ ಕೂಲಿ 900, ವೀಲ್ ಸಿಲಿಂಡರುಗಳಿಗೆ 1,800, ಎರಡನೆಯ ಜೊತೆ ಶೂಗಳಿಗೆ ಮತ್ತೆ 2,400. ಒಟ್ಟು 11,700 ರೂಪಾಯಿ. ಬಾಡಿಗೆ ಪಿಕಪ್ಪಿಗೆ ದಿನಕ್ಕೆ 1,800ರಂತೆ 4 ದಿನಕ್ಕೆ 7,200 ರೂಪಾಯಿ ಸೇರಿಸಿದರೆ 18,900 ರೂಪಾಯಿ. ಇಷ್ಟೆಲ್ಲ ಖರ್ಚಾದ ಮೇಲೂ ಬ್ರೇಕು ಹಿಡಿಯುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ನಿಜವಾದ ದುರಸ್ತಿಗೆ ಬೇಕಾದದ್ದು 350 ರೂಪಾಯಿಯ ಆಯಿಲ್ ಸೀಲ್, 900 ರೂಪಾಯಿಯ ಗೇರ್ ಆಯಿಲ್, 1,500 ರೂಪಾಯಿ ಕೂಲಿ, ಮತ್ತು ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದೋ ಸುಟ್ಟೋ ಮತ್ತೆ ಬಳಸುವಂತಿಲ್ಲವಾದ್ದರಿಂದ 2,400 ರೂಪಾಯಿಯ ಶೂಗಳು. ಒಟ್ಟು 5,150 ರೂಪಾಯಿ. ಬ್ರೀದರನ್ನು ಸ್ವಚ್ಛಗೊಳಿಸಲು ಪ್ರತ್ಯೇಕ ಖರ್ಚಿಲ್ಲ. ಬ್ರೇಕ್ ಆಯಿಲ್ ಹೇಗಿದ್ದರೂ ಆಗಾಗ ಬದಲಾಯಿಸಬೇಕಾದ ವಸ್ತುವಾದ್ದರಿಂದ ಆ 900 ರೂಪಾಯಿಯನ್ನು ನಷ್ಟದಿಂದ ಕಳೆದರೂ 18,000 ರೂಪಾಯಿ ನಿಷ್ಫಲವಾಗಿ ಹೋಯಿತು. ಅದು ಸರಿಯಾದ ದುರಸ್ತಿಯ ಮೊತ್ತದ ಮೂರೂವರೆ ಪಟ್ಟು. ಮೊದಲ ದಿನವೇ ಜೀಪನ್ನು ಜಾಕಿನ ಮೇಲೆ ನಿಲ್ಲಿಸಿ ಹಿಂದಿನ ಎರಡೂ ಡ್ರಮ್ಮುಗಳನ್ನು ಬಿಚ್ಚಿ ನೋಡುವುದಕ್ಕಷ್ಟೇ 500 ರೂಪಾಯಿ ಕೂಲಿ ಕೊಟ್ಟಿದ್ದರೆ, ವ್ಯರ್ಥವಾದ ಹಣದಲ್ಲಿ ಅಂಥ 36 ಪರೀಕ್ಷೆಗಳು ನಡೆಯಬಹುದಿತ್ತು. ಪರೀಕ್ಷೆಗೆ ಕೊಡುವ ಕೂಲಿಯನ್ನು ದಂಡವೆಂದೂ ಹೊಸ ಭಾಗಕ್ಕೆ ಕೊಡುವ ಬೆಲೆಯನ್ನು ಆಸ್ತಿಯೆಂದೂ ಭಾವಿಸುವ ರೂಢಿಯೇ ಈ ನಷ್ಟದ ಬೇರು.

ಆ ಜೀಪಿನ ಮಾಸ್ಟರ್ ಸಿಲಿಂಡರ್ ಕೆಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷ್ಯ ಮೊದಲಿನಿಂದಲೂ ಕಣ್ಣಮುಂದೆಯೇ ಇತ್ತು: ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲಿನ ಮಟ್ಟ ಇಳಿದಿರಲಿಲ್ಲ, ಪೆಡಲೂ ಗಟ್ಟಿಯಾಗಿ ನಿಲ್ಲುತ್ತಿತ್ತು. ಪೆಡಲಿನ ಮೇಲೆ ಕಾಲನ್ನು ಒಂದೇ ಒತ್ತಡದಲ್ಲಿ ಇಟ್ಟಾಗ ಅದು ನಿಧಾನವಾಗಿ ತಳಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ದ್ರವ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರುಗಳು ಸವೆದು ದ್ರವ ಒಳಗಿಂದೊಳಗೇ ಹಿಂದೆ ಸರಿಯುತ್ತಿದೆ ಎಂದು ತಿಳಿಯಬೇಕು. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಒಂದೆರಡು ಸಲ ಪಂಪ್ ಮಾಡಿದ ಮೇಲೆ ಎತ್ತರಕ್ಕೆ ಬಂದರೆ ಡ್ರಮ್ಮಿಗೂ ಶೂಗೂ ನಡುವಿನ ಅಂತರ ಹೆಚ್ಚಿರುವ ಸಾಧ್ಯತೆಯೂ ಇದೆ. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದು ವಾಹನ ನಿಲ್ಲದಿದ್ದರೆ ಬೂಸ್ಟರನ್ನು, ಅಂದರೆ ಎಂಜಿನ್ ಓಡುವಾಗ ಉಂಟಾಗುವ ನಿರ್ವಾತದಿಂದ ಕಾಲಿನ ಬಲವನ್ನು ಹೆಚ್ಚಿಸುವ ಸಾಧನವನ್ನು, ಪರೀಕ್ಷಿಸಬೇಕಾಗುತ್ತದೆ. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡಿದಾಗ ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಬೂಸ್ಟರಿನಲ್ಲೋ ಡೀಸೆಲ್ ಎಂಜಿನ್ನಿನ ವ್ಯಾಕ್ಯೂಮ್ ಪಂಪಿನಲ್ಲೋ ಅದರ ಕೊಳವೆಯಲ್ಲೋ ದೋಷವಿದೆ. ಇವೆಲ್ಲ ಕಾಸು ಖರ್ಚಿಲ್ಲದ ಪರೀಕ್ಷೆಗಳು. ಡಬ್ಬಿಯ ಮಟ್ಟ ಮೇಲಿಂದ ಮೇಲೆ ಇಳಿಯುತ್ತಿದ್ದು ಚಕ್ರಗಳ ಬಳಿ ಎಲ್ಲಿಯೂ ಒದ್ದೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲಿನಿಂದ ದ್ರವ ಬೂಸ್ಟರಿನ ಒಳಗೆ ಸೇರುತ್ತಿರಬಹುದು. ಇದಕ್ಕೆ ವಿರುದ್ಧವಾಗಿ, ಡಿಸ್ಕ್ ಬ್ರೇಕಿನ ಪ್ಯಾಡುಗಳು ಸವೆದಂತೆ ಮಟ್ಟ ಸ್ವಲ್ಪ ಇಳಿಯುವುದು ಸಹಜ, ಅದು ಸೋರಿಕೆಯಲ್ಲ.

ನೆಲದ ಮೇಲೆ ಬಿದ್ದ ಹನಿಯನ್ನು ಗುರುತಿಸುವುದು ಕಷ್ಟವಲ್ಲ. ರಾತ್ರಿ ವಾಹನದ ಕೆಳಗೆ ಅಗಲವಾದ ರಟ್ಟೊಂದನ್ನು ಹಾಸಿ, ಮುಂದಿನ ಚಕ್ರಗಳು ಯಾವ ಕಡೆಗಿದ್ದವೆಂದು ಅದರ ಮೇಲೆ ಗುರುತು ಮಾಡಿದರೆ ಬೆಳಿಗ್ಗೆ ಕಲೆಯ ಜಾಗವೇ ಅರ್ಧ ಉತ್ತರ ಹೇಳುತ್ತದೆ. ದಪ್ಪಗಿದ್ದು ಘಾಟು ಬರುವುದು ಗೇರ್ ಆಯಿಲ್. ತೆಳ್ಳಗೆ ನಸುಹಳದಿಯಾಗಿದ್ದು ನೀರಿನಲ್ಲಿ ಕರಗಿ ಪೇಂಟನ್ನು ಎಬ್ಬಿಸುವುದು ಬ್ರೇಕ್ ಅಥವಾ ಕ್ಲಚ್ ಆಯಿಲ್. ಕೆಂಪಗಿರುವುದು ಬಹುಮಟ್ಟಿಗೆ ಪವರ್ ಸ್ಟೀರಿಂಗಿನದು. ಎಸಿ ಹಾಕಿದ್ದಾಗ ಬೀಳುವ ತಿಳಿನೀರು ದೋಷವೇ ಅಲ್ಲ. ಮಾರುತಿ ಜಿಪ್ಸಿಯಂಥ ವಾಹನಗಳಲ್ಲಿ ಮುಂದಿನ ಚಕ್ರದ ಒಳಬದಿಯ ಗುಂಡು ನಕಲ್ಲಿನಿಂದ, ಅಂದರೆ ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಕೀಲಿನಿಂದ, ಕಪ್ಪು ಅಂಬಲಿಯಂಥದ್ದು ಇಳಿಯುತ್ತಿದ್ದರೆ, ಒಳಗಿನ ಸೀಲ್ ಸೋತು ಕ್ರೌನಿನ ಆಯಿಲ್ ಅಲ್ಲಿನ ಗ್ರೀಸಿಗೆ ಬೆರೆತಿದೆ ಎಂದು ಊಹಿಸಬಹುದು. ಹಳ್ಳ ದಾಟುವ ವಾಹನಗಳಲ್ಲಿ ಇನ್ನೊಂದು ಪರೀಕ್ಷೆಯೂ ಅಗತ್ಯ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಕಟ್ಟಿದ್ದರೆ ಸೀಲಿನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ನಂತರ ಕ್ರೌನಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲನ್ನು ತಕ್ಷಣ ಬದಲಾಯಿಸಬೇಕು. ಹಾಗೆಂದು ಪ್ರತಿಯೊಂದು ಒದ್ದೆಗೂ ಹಣ ಸುರಿಯಬೇಕಿಲ್ಲ. ಹೌಸಿಂಗಿನ ಮೈ ತೇವಗೊಂಡು ಧೂಳು ಹಿಡಿದಿದ್ದರೆ ಒರೆಸಿ, ಮಟ್ಟವನ್ನು ನೋಡಿಕೊಂಡು ಕಾಯಬಹುದು. ಹನಿ ಕಟ್ಟಿ ಬೀಳತೊಡಗಿದ್ದರೆ, ಅಥವಾ ತೇವ ಬ್ರೇಕಿನ ಹತ್ತಿರ ಇದ್ದರೆ, ಕಾಯುವಂತಿಲ್ಲ.

ಸೋರಿಕೆಯನ್ನು ನಿಲ್ಲಿಸುತ್ತೇವೆಂದು ಮಾರಲಾಗುವ ಬಾಟಲಿಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಆಯಿಲಿಗೆ ಬೆರೆಸುವ ಈ ದ್ರಾವಣಗಳು ಗಟ್ಟಿಯಾದ ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುತ್ತವೆ, ಅಷ್ಟೇ. ಹರಿದ ತುಟಿಯನ್ನು ಹೊಲಿಯಲಾರವು, ಸವೆದ ಬೇರಿಂಗನ್ನು ತುಂಬಲಾರವು, ಕಟ್ಟಿದ ಬ್ರೀದರನ್ನು ತೆರೆಯಲಾರವು. ಕೆಲವು ವಾರ ಹನಿ ನಿಂತರೆ ಮಾಲೀಕರಿಗೆ ಸಮಾಧಾನವಾಗುತ್ತದೆ, ಆ ಅವಧಿಯಲ್ಲಿ ಮೂಲ ದೋಷ ಬೆಳೆಯುತ್ತದೆ. ನಾಡಿ ಹಿಡಿಯದೆ ಕೊಟ್ಟ ಮದ್ದಿನಂತಿರುವ ಇಂಥ ಬಾಟಲಿಗೆ ತೋಟದ ಜೀಪಿನಲ್ಲಿ ಜಾಗವಿರಬಾರದು. ಬ್ರೇಕ್ ಆಯಿಲಿನ ಡಬ್ಬಿಗಂತೂ ಇಂಥ ದ್ರಾವಣವಾಗಲಿ, ಎಂಜಿನ್ ಆಯಿಲಾಗಲಿ, ಸ್ಟೀರಿಂಗ್ ಆಯಿಲಾಗಲಿ ಒಂದು ಚಮಚೆಯಷ್ಟೂ ಬೀಳಕೂಡದು. ಬ್ರೇಕಿನ ರಬ್ಬರುಗಳು ಖನಿಜ ತೈಲ ತಾಗಿದರೆ ಉಬ್ಬಿ ಕೆಡುತ್ತವೆ, ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಕೊನೆಯ ಹೋಸ್‌ವರೆಗೆ ರಬ್ಬರಿರುವ ಪ್ರತಿಯೊಂದು ಭಾಗವನ್ನೂ ಬದಲಾಯಿಸುವುದೊಂದೇ ದಾರಿ.

ಹಣವನ್ನು ಕಾಯುವ ಶಕ್ತಿ ಬಾಟಲಿಗಳಿಗಿಂತ ಅಭ್ಯಾಸಗಳಿಗೇ ಹೆಚ್ಚು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನಿಗದಿತ ಪ್ರಮಾಣದ ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಗಾಳಿಯ ತೇವವನ್ನು ತಾನಾಗಿ ಹೀರುವ ಈ ದ್ರವ ಮಲೆನಾಡಿನ ಮಳೆಯಲ್ಲಿ ಹಲವು ವರ್ಷ ಉಳಿದರೆ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಬ್ರೇಕಿನ ಮೇಲೆಯೇ ಇಳಿಯುವಾಗ ಕುದಿದು ಆವಿಯಾಗಬಹುದು, ಆಗ ಆವಿ ಅದುಮಿಕೊಳ್ಳುವುದರಿಂದ ಪೆಡಲು ತಳಕ್ಕೆ ಹೋಗುತ್ತದೆ, ತಣಿದ ಮೇಲೆ ಎಲ್ಲವೂ ಸರಿಯಾದಂತೆ ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು, ಕಡಿದಾದ ತೋಟದ ಮಣ್ಣುದಾರಿಯಲ್ಲಿ ಲೋ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯುವುದು, ಮಳೆಗಾಲಕ್ಕೆ ಮೊದಲು ಮತ್ತು ಮುಗಿದ ಮೇಲೆ ಬ್ರೀದರನ್ನೂ ಕ್ರೌನಿನ ಮಟ್ಟವನ್ನೂ ನೋಡುವುದು, ಯಾವ ದ್ರವವನ್ನು ಯಾವ ದಿನ ಎಷ್ಟು ತುಂಬಿಸಲಾಯಿತೆಂದು ಡ್ಯಾಶ್‌ಬೋರ್ಡಿನ ಒಂದು ಪುಸ್ತಕದಲ್ಲಿ ಬರೆದಿಡುವುದು, ಇವುಗಳಿಗೆ ತಗಲುವುದು ಶ್ರದ್ಧೆ ಮತ್ತು ಅಲ್ಪ ಹಣ. ಮನೆಯ ಖರ್ಚನ್ನು ಕಾಸುಕಾಸಿಗೂ ಬರೆಯುವ ಬೆಳೆಗಾರರು ಡೀಸೆಲ್ ಬಿಟ್ಟು ಜೀಪಿನ ಬೇರೆ ಯಾವ ಲೆಕ್ಕವನ್ನೂ ಇಡದಿರುವುದು ವಿಷಾದದ ಸಂಗತಿ. ಸಾಮಾನ್ಯ ಮೋಟಾರು ವಿಮೆ ಸವೆತವನ್ನೂ ಯಾಂತ್ರಿಕ ದೋಷವನ್ನೂ ಭರಿಸುವುದಿಲ್ಲವಾದ್ದರಿಂದ, ಸೀಲಿನ ನಿರ್ಲಕ್ಷ್ಯದಿಂದ ಆಯಿಲ್ ಬರಿದಾಗಿ ಕ್ರೌನಿನ ಹಲ್ಲುಗಳು ಸವೆದರೆ ಪೂರ್ತಿ ಹಣ ಮಾಲೀಕರ ಕೈಯಿಂದಲೇ ಹೋಗಬೇಕು.

ವಾಹನವನ್ನು ಗ್ಯಾರೇಜಿಗೆ ಒಪ್ಪಿಸುವಾಗ ಬ್ರೇಕ್ ಶೂ ಹಾಕಿ, ಮಾಸ್ಟರ್ ಬದಲಾಯಿಸಿ ಎಂದು ಮಾಲೀಕರೇ ಚಿಕಿತ್ಸೆ ಸೂಚಿಸದೆ, ಯಾವಾಗ, ಯಾವ ಇಳಿಜಾರಿನಲ್ಲಿ, ಪೆಡಲು ಹೇಗಿದ್ದಾಗ ಏನಾಗುತ್ತದೆ ಎಂಬ ಲಕ್ಷಣಗಳನ್ನಷ್ಟೇ ಹೇಳಬೇಕು; ಪರೀಕ್ಷೆಯ ಕೂಲಿಯನ್ನು ಮೊದಲೇ ಒಪ್ಪಿಕೊಂಡು, ಬಿಚ್ಚಿದ ಭಾಗವನ್ನು ತೋರಿಸಿದ ನಂತರವೇ ಹೊಸದನ್ನು ಕೊಳ್ಳುವುದಾಗಿ ತಿಳಿಸಬೇಕು. ಬ್ರೇಕ್ ಆಯಿಲೇ ಸೋರುತ್ತಿದ್ದರೆ ಆ ವಾಹನವನ್ನು ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗಬಾರದು. ಮೆಕ್ಯಾನಿಕ್ಕನ್ನು ತೋಟಕ್ಕೇ ಕರೆಸುವ ಖರ್ಚು ಎಷ್ಟೇ ಆಗಲಿ, ಅದನ್ನು ಕೊಡಿ.