ಮೊದಲ ಹಸು ಕೊಳ್ಳುವ ಮುನ್ನ: ಹಾಲಿಲ್ಲದ ದಿನಗಳ ಲೆಕ್ಕ



ಸ್ತ್ರೀಶಕ್ತಿ ಗುಂಪಿನಲ್ಲಿ ಸಾಲ ಸಿಗುವ ಭರವಸೆಯಿದೆ, ಮನೆಯವರ ಒಪ್ಪಿಗೆಯೂ ಆಗಿದೆ, ಇನ್ನು ಒಂದು ಮಿಶ್ರತಳಿ ಹಸು ತಂದು ಕಟ್ಟುವುದಷ್ಟೇ ಬಾಕಿ ಎನ್ನುವವರಿಗಾಗಿ ಈ ತಿಂಗಳ ಪಾಠ. ಹಸು ನೋಡಲು ಹೋದಾಗ ಎಲ್ಲರೂ ಕೇಳುವ ಪ್ರಶ್ನೆ ಎರಡೇ: ಬೆಲೆ ಎಷ್ಟು, ಹಾಲು ಎಷ್ಟು. ಈ ಎರಡರಿಂದಲೇ ಲಾಭ ನಷ್ಟ ತಿಳಿಯುವುದಿಲ್ಲ. ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು. ಮೇವು, ಹಿಂಡಿ, ನೀರು ದಿನವೂ ಬೇಕು. ಹಾಲು ಕರೆಯುವ ದಿನವೂ ಬೇಕು, ಹಾಲು ಬತ್ತಿದ ದಿನವೂ ಬೇಕು. ಆದ್ದರಿಂದ ಒಂದು ಕರುವಿನಿಂದ ಮುಂದಿನ ಕರುವಿನವರೆಗಿನ ಪೂರ್ತಿ ಲೆಕ್ಕ ಹಾಕಿದ ಮೇಲೆಯೇ ಮುಂಗಡ ಕೊಡಿ.

1. ಒಂದು ಹಸುವಿಗೆ ದಿನಕ್ಕೆ ಎಷ್ಟು ಬೇಕು?

ಸುಮಾರು 400 ಕಿಲೋ ತೂಕದ ಮಿಶ್ರತಳಿ ಹಸುವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ.

• ಹಸಿರು ಮೇವು: 20 ಕಿಲೋ
• ಒಣ ಮೇವು (ರಾಗಿ ಹುಲ್ಲು, ಭತ್ತದ ಹುಲ್ಲು, ಜೋಳದ ಸೊಪ್ಪೆ): 6 ಕಿಲೋ
• ಪಶು ಆಹಾರ: ಶರೀರ ಪೋಷಣೆಗೆ 2 ಕಿಲೋ, ಇದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ
• ಖನಿಜ ಮಿಶ್ರಣ: 50 ಗ್ರಾಂ
• ಶುದ್ಧ ಕುಡಿಯುವ ನೀರು: 60ರಿಂದ 80 ಲೀಟರ್; ಬೇಸಿಗೆಯಲ್ಲಿ ಇನ್ನೂ ಹೆಚ್ಚು

ನೀರಿನ ಸಾಲನ್ನು ಇನ್ನೊಮ್ಮೆ ಓದಿ. ನಲ್ಲಿ ಮನೆ ಮುಂದಿಲ್ಲದಿದ್ದರೆ ದಿನಕ್ಕೆ ನಾಲ್ಕೈದು ಕೊಡ ನೀರನ್ನು ಹೊರುವವರು ಯಾರು ಎಂಬುದೂ ಖರ್ಚಿನ ಲೆಕ್ಕವೇ. ನೀರು ಕಡಿಮೆಯಾದರೆ ಮೊದಲು ಕಡಿಮೆಯಾಗುವುದು ಹಾಲು.

2. ಹಾಲು ಕೊಡುವ ದಿನ, ಕೊಡದ ದಿನ

ಈಗ ರೂಪಾಯಿಯ ಲೆಕ್ಕ. ಇಲ್ಲಿರುವ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮೂರಿನ ದರ ಹಾಕಿ ನೀವೇ ಮತ್ತೆ ಲೆಕ್ಕ ಮಾಡಬೇಕು. ಪಶು ಆಹಾರ ಕಿಲೋಗೆ 25 ರೂ., ಹಸಿರು ಮೇವು 2 ರೂ., ಒಣ ಮೇವು 8 ರೂ., ಖನಿಜ ಮಿಶ್ರಣ 120 ರೂ., ಹಾಲು ಲೀಟರಿಗೆ 35 ರೂ. ಎಂದಿಟ್ಟುಕೊಳ್ಳಿ. ಹಸಿರು ಮೇವಿಗೆ 40, ಒಣ ಮೇವಿಗೆ 48, ಖನಿಜ ಮಿಶ್ರಣಕ್ಕೆ 6, ಒಟ್ಟು 94 ರೂ. ಪ್ರತಿದಿನದ ಖರ್ಚು. ಪಶು ಆಹಾರದ ಖರ್ಚು ಹಾಲಿನ ಪ್ರಮಾಣದಂತೆ ಬದಲಾಗುತ್ತದೆ. ಕರುವಿನ ಪಾಲು ಕಳೆದು ಡೇರಿಗೆ ಹಾಕುವ ಹಾಲನ್ನಷ್ಟೇ ಇಲ್ಲಿ ಹಿಡಿದಿದೆ.

• ದಿನಕ್ಕೆ 12 ಲೀಟರ್: ಖರ್ಚು 264 ರೂ., ಹಾಲಿನ ಹಣ 420 ರೂ., ಉಳಿಯುವುದು 156 ರೂ.
• ದಿನಕ್ಕೆ 8 ಲೀಟರ್: ಖರ್ಚು 224 ರೂ., ಹಾಲಿನ ಹಣ 280 ರೂ., ಉಳಿಯುವುದು 56 ರೂ.
• ದಿನಕ್ಕೆ 5 ಲೀಟರ್: ಖರ್ಚು 194 ರೂ., ಹಾಲಿನ ಹಣ 175 ರೂ., ಕೈಯಿಂದ ಹೋಗುವುದು 19 ರೂ.
• ಹಾಲಿಲ್ಲದ ದಿನ (ತುಂಬು ಗಬ್ಬದಲ್ಲಿ 3 ಕಿಲೋ ಪಶು ಆಹಾರ): ಕೈಯಿಂದ ಹೋಗುವುದು 169 ರೂ.

ಹಸು ಕರು ಹಾಕಿದ ಮೇಲೆ ಮೊದಲ 100 ದಿನ 12 ಲೀಟರ್, ಮುಂದಿನ 100 ದಿನ 8 ಲೀಟರ್, ಕೊನೆಯ 100 ದಿನ 5 ಲೀಟರ್ ಕೊಟ್ಟಿತು ಎನ್ನೋಣ. 15,600 ಮತ್ತು 5,600 ಕೂಡಿಸಿ 1,900 ಕಳೆದರೆ 19,300 ರೂ. ಆಮೇಲೆ 60 ದಿನ ಬತ್ತಿಸಿದ ಕಾಲ. ಅದಕ್ಕೆ 10,140 ರೂ. ಹೋಯಿತು. ಸುಮಾರು ಒಂದು ವರ್ಷಕ್ಕೆ ಕೈಯಲ್ಲಿ ಉಳಿದದ್ದು 9,160 ರೂ. ಕರುವಿನ ಸಾಕಣೆ, ಔಷಧಿ, ವಿಮೆ, ಸಾಲದ ಕಂತು ಇವೆಲ್ಲ ಇದರಲ್ಲೇ ಆಗಬೇಕು. ನಿಮ್ಮ ದುಡಿಮೆಗೆ ಕೂಲಿ ಹಿಡಿದಿಲ್ಲ. ಸರ್ಕಾರದ ಪ್ರೋತ್ಸಾಹಧನ, ಗೊಬ್ಬರ, ಕರುವಿನ ಬೆಲೆ ಇವನ್ನೂ ಸೇರಿಸಿಲ್ಲ. ಪ್ರೋತ್ಸಾಹಧನ ಖಾತೆಗೆ ಬೇರೆಯಾಗಿ ಜಮಾ ಆಗುವುದರಿಂದ ಅದನ್ನು ದಿನದ ಮೇವಿಗೆ ನಂಬಿಕೊಳ್ಳದೆ ಕಂತಿಗೋ ವಿಮೆಗೋ ಎತ್ತಿಡುವುದು ಒಳ್ಳೆಯದು.

ಈ ಲೆಕ್ಕ ನೋಡಿ ಹೆದರಬೇಕಾಗಿಲ್ಲ. ಉಳಿತಾಯ ಎಲ್ಲಿ ಹೆಚ್ಚುತ್ತದೆ ಎಂಬುದೂ ಇದರಲ್ಲೇ ಕಾಣುತ್ತದೆ. ನಿಮ್ಮ ಹೊಲದ್ದೇ ರಾಗಿ ಹುಲ್ಲಿದ್ದರೆ ಒಣ ಮೇವಿನ 48 ರೂ. ಕೈಬಿಟ್ಟು ಹೋಗುವುದಿಲ್ಲ. ನೀರಾವರಿಯ ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲಿನ ಜೊತೆಗೆ ಅಲಸಂದೆ ಅಥವಾ ಕುದುರೆ ಮೆಂತೆ ಬೆಳೆದುಕೊಂಡರೆ ಪಶು ಆಹಾರವನ್ನೂ ಸ್ವಲ್ಪ ಕಡಿಮೆ ಮಾಡಬಹುದು. ನೇಪಿಯರ್ ನಾಟಿ ಮಾಡಿದ 75–80 ದಿನಕ್ಕೆ ಮೊದಲ ಕೊಯ್ಲು ಬರುತ್ತದೆ. ಹಾಗಾಗಿ ಹಸು ತರುವ ಮೂರು ತಿಂಗಳು ಮೊದಲೇ ಹುಲ್ಲಿನ ಕಡ್ಡಿ ಊರಿ. ಮೊದಲು ಮೇವು, ಆಮೇಲೆ ಹಸು.

3. ಬೆದೆ ತಪ್ಪಿದರೆ ಎಷ್ಟು ನಷ್ಟ?

ಮೇಲಿನ ಲೆಕ್ಕ ನಿಂತಿರುವುದು ಒಂದೇ ಮಾತಿನ ಮೇಲೆ: ಕರು ಹಾಕಿದ ಸುಮಾರು ಮೂರು ತಿಂಗಳೊಳಗೆ ಹಸು ಮತ್ತೆ ಗಬ್ಬವಾಗಬೇಕು. ಗಬ್ಬದ ಅವಧಿ ಸುಮಾರು 280 ದಿನ. 80ನೇ ದಿನಕ್ಕೆ ಗಬ್ಬ ನಿಂತರೆ ವರ್ಷಕ್ಕೊಂದು ಕರು.

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಸತತವಾಗಿ ಮೂರು ಬೆದೆ ನಿಮ್ಮ ಕಣ್ಣಿಗೆ ಬೀಳದೆ ಹೋದರೆ 63 ದಿನ ಕಳೆಯಿತು. ಹಾಲು 300 ದಿನಕ್ಕೇ ನಿಂತಿತೆಂದುಕೊಂಡರೆ ಈ 63 ದಿನಗಳೂ ಹಾಲಿಲ್ಲದ ದಿನಗಳ ಸಾಲಿಗೆ ಸೇರುತ್ತವೆ. ಶರೀರ ಪೋಷಣೆಗಷ್ಟೇ ತಿನ್ನಿಸಿದರೂ ದಿನಕ್ಕೆ 144 ರೂ., ಒಟ್ಟು 9,072 ರೂ. ವರ್ಷದ ಉಳಿತಾಯ 9,160 ರೂ. ಎಂದೆವಲ್ಲ, ಅದರಲ್ಲಿ ಮಿಕ್ಕಿದ್ದು 88 ರೂ. ಹಸುವಿಗೆ ಕಾಯಿಲೆಯಿಲ್ಲ, ಹಾಲಿನ ದರ ಇಳಿದಿಲ್ಲ, ಆದರೂ ವರ್ಷದ ದುಡಿಮೆ ಕರಗಿಹೋಯಿತು.

ಆದ್ದರಿಂದ ಬೆದೆ ನೋಡುವುದು ಹಾಲು ಕರೆಯುವಷ್ಟೇ ಮುಖ್ಯ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ. ಕಾರಣವಿಲ್ಲದೆ ಕೂಗುವುದು, ಮೇವು ಬಿಡುವುದು, ಹಾಲು ತಗ್ಗುವುದು, ಪದೇ ಪದೇ ಗಂಜಲ ಹಾಕುವುದು, ಯೋನಿಯಿಂದ ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ಸುರಿಯುವುದು ಬೆದೆಯ ಲಕ್ಷಣಗಳು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 21ನೇ ದಿನ ಮತ್ತೆ ಗಮನಿಸಿ. ಬೆದೆಗೆ ಬರಲಿಲ್ಲ ಎಂದ ಮಾತ್ರಕ್ಕೆ ಗಬ್ಬವಾಗಿದೆ ಎಂದು ನಂಬಿ ಕೂರಬೇಡಿ. ಎರಡೂವರೆ ಮೂರು ತಿಂಗಳಿಗೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ. ಮೂರು ಸಲ ಗರ್ಭಧಾರಣೆ ಮಾಡಿಸಿದರೂ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಮೊದಲು ವೈದ್ಯರಿಗೆ ತೋರಿಸಿ.

ಬತ್ತಿಸುವ 60 ದಿನಗಳನ್ನು ಮಾತ್ರ ಉಳಿಸಲು ಹೋಗಬೇಡಿ. ಎರಡು ಲೀಟರ್ ಬರುತ್ತಿದೆಯೆಂದು ಕರು ಹಾಕುವವರೆಗೂ ಕರೆದರೆ ಕೆಚ್ಚಲಿಗೆ ವಿಶ್ರಾಂತಿ ಸಿಗದೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ. ಹಾಲಿಲ್ಲವೆಂದು ಪಶು ಆಹಾರ ನಿಲ್ಲಿಸುವುದೂ ತಪ್ಪು. ಕೊನೆಯ ಎರಡು ತಿಂಗಳಲ್ಲೇ ಹೊಟ್ಟೆಯ ಕರು ವೇಗವಾಗಿ ಬೆಳೆಯುವುದು.

4. ಬೆಲೆಯ ಜೊತೆಗೆ ಕೈಯಲ್ಲಿರಬೇಕಾದ ಹಣ

ಸಾಲದ ಹಣವನ್ನೆಲ್ಲ ಹಸುವಿನ ಬೆಲೆಗೇ ಕೊಟ್ಟರೆ ಮೊದಲ ವಾರದಲ್ಲೇ ಇನ್ನೊಂದು ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ. ಸಾಗಾಣಿಕೆ, ಜಾರದ ನೆಲ, ಗೋದಲಿ, ಗಂಜಲ ಹರಿದುಹೋಗಲು ಕಾಲುವೆ, ಹಗ್ಗ, ಸ್ಟೀಲ್ ಪಾತ್ರೆ, ವಿಮೆಯ ಕಂತು ಇವೆಲ್ಲ ಬೇರೆ. ಹೊಸ ಜಾಗಕ್ಕೆ ಬಂದ ಹಸು ಕೆಲವು ದಿನ ಹಾಲು ಕಡಿಮೆ ಕೊಡುವುದು ಸಹಜ. ಸಂಘದ ಮೊದಲ ಬಟವಾಡೆ ಬರುವವರೆಗೂ ಮೇವಿಗೆ ಹಣ ಬೇಕು. ಕನಿಷ್ಠ ಒಂದು ತಿಂಗಳ ಮೇವಿನ ಖರ್ಚು, ಅಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು 8,000 ರೂ., ಪಕ್ಕಕ್ಕಿಟ್ಟು ಆಮೇಲೆ ಬೆಲೆ ಮಾತಾಡಿ. ಮೇವು, ಆಹಾರದ ಖರ್ಚಿಗೆ ಹೈನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಸಿಗುತ್ತದೆ. ಖಾಸಗಿ ಬಡ್ಡಿಗೆ ಹೋಗುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ.

5. ಹಸು ಆರಿಸುವಾಗ

• ಮೊದಲ ಬಾರಿಗೆ ಕೊಳ್ಳುವವರಿಗೆ ಎರಡನೇ ಸೂಲಿನ, ಕರು ಹಾಕಿ ತಿಂಗಳೊಳಗಿನ ಹಸು ಸೂಕ್ತ.
• ಒಂದು ಹೊತ್ತಿನ ಹಾಲು ನೋಡಿ ಒಪ್ಪಬೇಡಿ. ಹಿಂದಿನ ಹೊತ್ತು ಕರೆಯದೆ ಬಿಟ್ಟಿದ್ದರೆ ಹಾಲು ಹೆಚ್ಚು ಕಾಣುತ್ತದೆ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ, ಹೀಗೆ ಸತತ ಮೂರು ಹೊತ್ತು ಎದುರಿಗೇ ಕರೆಸಿ. ಒಂದು ಹೊತ್ತು ನೀವೇ ಕರೆಯಿರಿ.
• ನಾಲ್ಕೂ ತೊಟ್ಟಿನ ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ, ನೀರು, ರಕ್ತ ಕಂಡರೆ ಕೆಚ್ಚಲು ಬಾವು.
• ಕಂದು ಹಾಕುವ ರೋಗವಾದ ಬ್ರೂಸೆಲ್ಲಾಕ್ಕೆ ರಕ್ತಪರೀಕ್ಷೆ ಮಾಡಿಸಿ. ಈ ರೋಗ ಮನುಷ್ಯರಿಗೂ ಅಂಟುತ್ತದೆ.
• ಕಿವಿಯೋಲೆಯ 12 ಅಂಕಿಗಳನ್ನು ಬರೆದುಕೊಂಡು, ಹಾಕಿಸಿರುವ ಲಸಿಕೆಗಳ ವಿವರ ಕೇಳಿ.
• ಮನೆಯಲ್ಲಿ ಬೇರೆ ದನಗಳಿದ್ದರೆ ಹೊಸ ಹಸುವನ್ನು ಎರಡು ಮೂರು ವಾರ ದೂರ ಕಟ್ಟಿ. ಹಳೆಯ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡುತ್ತ, ಹತ್ತು ದಿನಗಳಲ್ಲಿ ನಿಧಾನವಾಗಿ ನಿಮ್ಮ ಮೇವಿಗೆ ಬದಲಾಯಿಸಿ.

6. ಕಾಯಿಲೆ ಮತ್ತು ವಿಮೆ

ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ. ಲಸಿಕೆ ಹಾಕಿಸಿದರೆ ಎರಡು ದಿನ ಹಾಲು ತಗ್ಗಬಹುದು. ಆದರೆ ರೋಗ ಬಂದರೆ ಆ ಸೂಲಿನ ಹಾಲೇ ಹೋಗಬಹುದು. ಚರ್ಮಗಂಟು ರೋಗ, ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆಯನ್ನು ನಿಮ್ಮ ಭಾಗದ ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸಿ. ಉಣ್ಣೆ ಬಾರದಂತೆ ಕೊಟ್ಟಿಗೆ ಚೊಕ್ಕಟವಾಗಿಡಿ.

ಹಾಲು ಕರೆದ ಮೇಲೆ ತೊಟ್ಟಿನ ರಂಧ್ರ ಸುಮಾರು ಅರ್ಧ ಗಂಟೆ ತೆರೆದಿರುತ್ತದೆ. ಆ ಹೊತ್ತಿಗೆ ಮೇವು ಹಾಕಿದರೆ ಹಸು ಮಲಗದೆ ನಿಂತಿರುತ್ತದೆ, ಕೆಚ್ಚಲು ಬಾವಿನ ಭಯ ಕಡಿಮೆ. ಆಂಟಿಬಯೋಟಿಕ್ ಚಿಕಿತ್ಸೆ ಕೊಡಿಸಿದಾಗ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬಾರದು. ನಿಮ್ಮ ಒಂದು ಲೀಟರ್ ಇಡೀ ಊರಿನ ಹಾಲಿನೊಂದಿಗೆ ಬೆರೆಯುತ್ತದೆ.

ಕರು ಹಾಕಿದ ಎರಡು ಮೂರು ದಿನಗಳಲ್ಲಿ ಹಸು ಮೇಲೇಳದೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಹಾಲು ಜ್ವರವಿರಬಹುದು. ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ವಿಮೆ ಮಾಡಿಸಿದರಷ್ಟೇ ಸಾಲದು. ಕಿವಿಯೋಲೆ ಬಿದ್ದುಹೋದರೆ ಕೂಡಲೇ ತಿಳಿಸಿ ಹೊಸದು ಹಾಕಿಸಿ. ಹಸು ಸತ್ತರೆ ವಿಮಾ ಕಂಪನಿಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬೇಡಿ. ಓಲೆಯಿಲ್ಲದ ಹಸುವಿಗೆ ಪರಿಹಾರ ಸಿಗುವುದು ಕಷ್ಟ, ಆದರೆ ಸಾಲದ ಕಂತು ನಿಲ್ಲುವುದಿಲ್ಲ.

7. ಕರುವಿನ ಹೊಣೆ

ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಕಸ ಬೀಳಲೆಂದು ಕಾಯಬೇಡಿ. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕಿಲೋ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್, ಎರಡು ಮೂರು ಸಲ ಹಂಚಿ ಕೊಡಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. 10–15 ದಿನಕ್ಕೆ ಮೊದಲ ಜಂತುಹುಳು ಔಷಧಿ ಹಾಕಿಸಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಬ್ರೂಸೆಲ್ಲಾ ಲಸಿಕೆ ಹಾಕಿಸಿ. ಇಂದು ಚೆನ್ನಾಗಿ ಸಾಕಿದ ಕರು ಸುಮಾರು ಎರಡೂವರೆ ವರ್ಷಕ್ಕೆ ನಿಮ್ಮ ಎರಡನೇ ಹಸುವಾಗುತ್ತದೆ, ಸಾಲವಿಲ್ಲದೆ.

ಹಸು ಕಂದು ಹಾಕಿದರೆ ಆ ಕರುವನ್ನು, ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ ಎತ್ತಿ, ಸುಣ್ಣ ಹಾಕಿ ಆಳವಾಗಿ ಹೂಳಿಸಿ. ಬಸುರಿ ಹೆಣ್ಣುಮಕ್ಕಳು ಹತ್ತಿರ ಹೋಗದಿರುವುದೇ ಕ್ಷೇಮ. ಹಾಲನ್ನು ಕಾಯಿಸದೆ ಕುಡಿಯಬೇಡಿ.

8. ದುಡಿಮೆ ಯಾರದು, ಹೆಸರು ಯಾರದು?

ಹಸುವಿಗೆ ಭಾನುವಾರವಿಲ್ಲ, ಊರಹಬ್ಬವಿಲ್ಲ. ತಾಯಿಮನೆಯ ಮದುವೆಗೆ ಹೋಗಬೇಕಾದರೂ, ನಿಮಗೇ ಜ್ವರ ಬಂದರೂ ಎರಡು ಹೊತ್ತು ಯಾರಾದರೂ ಕರೆಯಲೇಬೇಕು. ಹಸು ತಂದ ಮೊದಲ ತಿಂಗಳಲ್ಲೇ ಮನೆಯ ಇನ್ನೊಬ್ಬರ ಕೈಗೂ ಅದನ್ನು ರೂಢಿ ಮಾಡಿಸಿ. ಸಗಣಿ ಬಾಚುವುದು, ಮೇವು ಕತ್ತರಿಸುವುದು, ನೀರು ಇವುಗಳಲ್ಲಿ ಯಾರ ಪಾಲು ಯಾವುದು ಎಂದು ಹಸು ಬರುವ ಮೊದಲೇ ಮಾತಾಡಿಕೊಳ್ಳಿ. ಬಂದ ಮೇಲೆ ಎಲ್ಲವೂ ನಿಮ್ಮ ತಲೆಯ ಮೇಲೇ ಬೀಳುತ್ತದೆ.

ದುಡಿಯುವವರು ನೀವಾದರೆ ಕಾಗದದಲ್ಲೂ ನೀವೇ ಇರಬೇಕು. ಸಂಘದ ಸದಸ್ಯತ್ವ, ಹಾಲಿನ ಪಾಸ್‌ಬುಕ್, ಬಟವಾಡೆ ಬರುವ ಬ್ಯಾಂಕ್ ಖಾತೆ, ಕಿವಿಯೋಲೆಯ ನೋಂದಣಿ, ವಿಮೆ ಇವೆಲ್ಲ ನಿಮ್ಮ ಹೆಸರಿನಲ್ಲಿರಲಿ. ಸಾಲ ನಿಮ್ಮ ಹೆಸರಿನಲ್ಲಿದ್ದು ಹಾಲಿನ ಹಣ ಇನ್ನೊಬ್ಬರ ಖಾತೆಗೆ ಹೋದರೆ ಕಂತಿನ ದಿನ ಕೈಯೊಡ್ಡುವವರು ನೀವೇ. ಹಾಲು ಹಾಕುವ ಸದಸ್ಯೆಗೆ ಸಂಘದ ಮಹಾಸಭೆಯಲ್ಲಿ ಮಾತೂ ಇದೆ, ಮತವೂ ಇದೆ.

ಈ ತಿಂಗಳ ಮನೆಗೆಲಸ

ಒಂದು ನೋಟ್‌ಬುಕ್ ತೆಗೆದುಕೊಂಡು ಈ ಐದು ಪ್ರಶ್ನೆಗಳಿಗೆ ನಿಮ್ಮೂರಿನ ದರದಲ್ಲಿ ಉತ್ತರ ಬರೆಯಿರಿ.

1. ಹಾಲಿಲ್ಲದ ಒಂದು ದಿನಕ್ಕೆ ನನ್ನ ಖರ್ಚು ಎಷ್ಟು? ಅಂಥ 60 ದಿನಕ್ಕೆ ಎಷ್ಟು?
2. ಎಷ್ಟು ಲೀಟರಿಗಿಂತ ಕಡಿಮೆಯಾದರೆ ನನಗೆ ಕೈಯಿಂದ ಹೋಗುತ್ತದೆ? (ನಮ್ಮ ಉದಾಹರಣೆಯಲ್ಲಿ ಸುಮಾರು 6 ಲೀಟರ್.)
3. ವರ್ಷದ ಮೇವಿನಲ್ಲಿ ಸ್ವಂತದ್ದು ಎಷ್ಟು, ಕೊಳ್ಳುವುದು ಎಷ್ಟು?
4. ನಾನು ಊರಲ್ಲಿಲ್ಲದ ದಿನ ಹಾಲು ಕರೆಯುವವರು ಯಾರು?
5. ಯಾವ ಯಾವ ಕಾಗದ ನನ್ನ ಹೆಸರಿನಲ್ಲಿದೆ?

ಬರೆದದ್ದನ್ನು ನಿಮ್ಮ ಸಂಘದ ಕಾರ್ಯದರ್ಶಿಗೆ ಅಥವಾ ಒಕ್ಕೂಟದ ವಿಸ್ತರಣಾಧಿಕಾರಿಗೆ ತೋರಿಸಿ, ಲೆಕ್ಕ ಸರಿಯಿದೆಯೇ ಎಂದು ಕೇಳಿ. ಹೊಂದದಿದ್ದರೆ ಹುಲ್ಲು ಬೆಳೆಯುವವರೆಗೆ ಮೂರು ತಿಂಗಳು ತಡೆಯಿರಿ. ತಡವಾಗಿ ಹಸು ಕಟ್ಟಿದವರಿಗೆ ನಷ್ಟವಿಲ್ಲ. ಅವಸರದಲ್ಲಿ ಕಟ್ಟಿದ ಹಸುವನ್ನು ಬತ್ತಿದ ಕಾಲದಲ್ಲಿ ಅರ್ಧ ಬೆಲೆಗೆ ಮಾರಬೇಕಾಗಿ ಬಂದರೆ ಸಾಲ ಮಾತ್ರ ಕೊಟ್ಟಿಗೆಯಲ್ಲಿ ಉಳಿಯುತ್ತದೆ.