ರೀಲ್ ಕೊಳ್ಳುವ ಮುನ್ನ ನೀರು ನೋಡಿ

ಗಾಳ ಹಾಕುವ ಹುಮ್ಮಸ್ಸು ಬಂದವರು ಮೊದಲು ಹೋಗಿ ನಿಲ್ಲುವುದು ರೀಲ್‌ಗಳ ಮುಂದೆ. ಕಣ್ಣಿಗೆ ಹಿಡಿಸಿದ ರೀಲ್, ಅದಕ್ಕೊಂದು ರಾಡ್, ಕೊನೆಗೆ ಉಳಿದ ಚಿಲ್ಲರೆಗೆ ಸಿಕ್ಕಿದ ದಾರ. ಈ ಕ್ರಮವೇ ತಲೆಕೆಳಗು. ಎಲ್ಲಿ ಹಿಡಿಯುತ್ತೀರಿ, ಯಾವ ಮೀನು ಎಂಬುದು ಮೊದಲು ಗೊತ್ತಾಗಬೇಕು. ಅದು ದಾರವನ್ನು ಹೇಳುತ್ತದೆ, ದಾರ ರೀಲನ್ನು ಹೇಳುತ್ತದೆ. ರೀಲಿಗೆ ಹೊಂದುವ ರಾಡ್ ಕೊನೆಗೆ ಬಂದರೆ ಸಾಕು.

ಕೋಡಿಬೇಂಗ್ರೆಯನ್ನೇ ತೆಗೆದುಕೊಳ್ಳಿ. ಸ್ವರ್ಣಾ, ಸೀತಾ ನದಿಗಳು ಅಲ್ಲಿ ಕಡಲು ಸೇರುತ್ತವೆ. ಅಳಿವೆಯ ಒಳಗೆ, ಹೊಳೆಯ ನೀರಿನಲ್ಲಿ ಸಣ್ಣ ಕೆಂಬೇರಿಗೋ ಸೀಬಾಸ್‌ಗೋ ಗಾಳ ಹಾಕುವವರಿಗೆ 15ರಿಂದ 20 ಪೌಂಡಿನ ಹೆಣೆದ ದಾರ, ಅಂದರೆ ಬ್ರೇಡ್, ಧಾರಾಳ. ಅದಕ್ಕೆ 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲ್ ಸರಿಹೋಗುತ್ತದೆ. ಅಳಿವೆ ದಾಟಿ ಬಂಡೆಗಳ ಬಳಿ ಮುರು, ತೆರೆದ ಕಡಲಲ್ಲಿ ಅಂಜಲ್ ಎಂದರೆ ದಾರ 30ರಿಂದ 50 ಪೌಂಡಿಗೆ, ರೀಲ್ 5000ದಿಂದ 8000ಕ್ಕೆ ಏರಬೇಕು. ಒಂದು ಎಚ್ಚರ: ಈ ಸಂಖ್ಯೆಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಒಂದು ಕಂಪನಿಯ 4000 ಇನ್ನೊಂದರ 5000ದಷ್ಟೇ ಇರಬಹುದು. ಸ್ಪೂಲಿನ ಮೇಲೆ ಯಾವ ದಾರ ಎಷ್ಟು ಮೀಟರ್ ಹಿಡಿಯುತ್ತದೆಂದು ಬರೆದಿರುತ್ತದೆ, ಅದನ್ನು ನೋಡಿ ಕೊಳ್ಳಿ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವ ಬೇರಿಂಗ್ ಸಂಖ್ಯೆಗೆ ಮರುಳಾಗಬೇಡಿ. ಉಪ್ಪುನೀರಿನಲ್ಲಿ ಅಗ್ಗದ ಹತ್ತು ಬೇರಿಂಗ್‌ಗಿಂತ ನೀರು ನುಗ್ಗದಂತೆ ಮುಚ್ಚಿದ ನಾಲ್ಕೈದು ಬೇರಿಂಗ್ ಹೆಚ್ಚು ಬಾಳುತ್ತವೆ. ಹಿಡಿಕೆ ತಿರುಗಿಸುವಾಗ ಮರಳು ಅರೆದಂತೆ ಅನಿಸಬಾರದು. ಡ್ರ್ಯಾಗ್ ಸಡಿಲಿಸಿ ದಾರ ಎಳೆದರೆ ಜರ್ಕ್ ಹೊಡೆಯದೆ ನಯವಾಗಿ ಬಿಚ್ಚಿಕೊಳ್ಳಬೇಕು. ಅಂಗಡಿಯಲ್ಲೇ ಈ ಎರಡನ್ನು ನೋಡಿದರೆ ಅರ್ಧ ಪರೀಕ್ಷೆ ಮುಗಿದಂತೆ.

ದಾರ ಸುತ್ತುವ ಬಗೆ

ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ಬ್ರೇಡನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ದೊಡ್ಡ ಮೀನು ಎಳೆದಾಗ ಸುತ್ತಿದ ದಾರವೆಲ್ಲ ಒಟ್ಟಿಗೆ ಜಾರುತ್ತದೆ. ಡ್ರ್ಯಾಗ್ ಹಾಳಾಯಿತೆಂದು ಎಷ್ಟೋ ಮಂದಿ ರೀಲನ್ನು ರಿಪೇರಿಗೆ ಒಯ್ಯುತ್ತಾರೆ. ತಳಕ್ಕೆ ಮೊದಲು ಎಂಟು ಹತ್ತು ಸುತ್ತು ತಂಗೂಸು, ಅಂದರೆ ನೈಲಾನ್ ದಾರ, ಸುತ್ತಿ. ಅದರ ತುದಿಗೆ ಬ್ರೇಡ್ ಕಟ್ಟಿ. ದಾರದ ಉಂಡೆಯ ನಡುವೆ ಪೆನ್ಸಿಲ್ ತೂರಿಸಿ ಮನೆಯವರೊಬ್ಬರ ಕೈಗೆ ಕೊಡಿ. ನೀವು ರೀಲಿನ ಮುಂದೆ ಒದ್ದೆ ಬಟ್ಟೆಯಲ್ಲಿ ದಾರವನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು ಸುತ್ತುತ್ತಾ ಹೋಗಿ. ಸುತ್ತು ಸಡಿಲವಾದರೆ ಮೇಲಿನ ಎಳೆ ಕೆಳಗಿನ ಎಳೆಗಳ ನಡುವೆ ಹೂತುಹೋಗಿ, ಎಸೆಯುವಾಗ ಫಟ್ಟೆಂದು ಕಡಿಯುತ್ತದೆ. ಬಟ್ಟೆ ಒದ್ದೆಯಿರಬೇಕು, ಒಣ ಬೆರಳಿನಲ್ಲಿ ಹಿಡಿದರೆ ಬ್ರೇಡ್ ಚರ್ಮ ಸೀಳುತ್ತದೆ.

ಸ್ಪೂಲಿನ ಅಂಚಿಗೆ ಎರಡು ಮೂರು ಮಿಲಿಮೀಟರ್ ಬಾಕಿಯಿರುವಾಗ ನಿಲ್ಲಿಸಿ. ತುಂಬಿ ತುಳುಕಿದರೆ ಸುರುಳಿ ಸುರುಳಿಯಾಗಿ ಬಿದ್ದು ಗಂಟಾಗುತ್ತದೆ, ಕಡಿಮೆಯಾದರೆ ದೂರ ಹೋಗುವುದಿಲ್ಲ. ಎಸೆದ ಮೇಲೆ ರೀಲಿನ ತಂತಿಯ ಬಾಗಿಲನ್ನು, ಅಂದರೆ ಬೇಲನ್ನು, ಹಿಡಿಕೆ ತಿರುಗಿಸಿ ಮುಚ್ಚಬೇಡಿ, ಕೈಯಲ್ಲೇ ಮುಚ್ಚಿ ದಾರವನ್ನು ಒಮ್ಮೆ ಮೆಲ್ಲಗೆ ಎಳೆದುಕೊಳ್ಳಿ. ಗಾಳಿಯ ದಿನಗಳಲ್ಲಿ ಬೀಳುವ ಗಂಟುಗಳಲ್ಲಿ ಹೆಚ್ಚಿನವು ಇದೊಂದರಿಂದಲೇ ತಪ್ಪುತ್ತವೆ.

ಬ್ರೇಡ್ ಎಳೆತಕ್ಕೆ ಗಟ್ಟಿ, ಉಜ್ಜಿದರೆ ದುರ್ಬಲ. ಬಂಡೆಗೋ ಚಿಪ್ಪಿಗೋ ತಾಗಿದರೆ ಹೋಯಿತು. ಹಾಗಾಗಿ ತುದಿಗೆ ಒಂದೂವರೆ ಮೀಟರ್ ದಪ್ಪ ತಂಗೂಸಿನ ಲೀಡರ್ ಬೇಕೇ ಬೇಕು. ಅಂಜಲ್‌ಗೆ ಅದರ ಮುಂದೆ ಗೇಣುದ್ದ ಸ್ಟೀಲ್ ತಂತಿಯೂ ಬೇಕು, ಅದರ ಹಲ್ಲಿನ ಮುಂದೆ ನೈಲಾನ್ ನಿಲ್ಲದು. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣಗಂಟು ಬಿಗಿಯುವಾಗ ಬಿಸಿಯಾಗಿ ದಾರದ ಬಲ ಅಲ್ಲೇ ಸೋರಿಹೋಗುತ್ತದೆ.

ಡ್ರ್ಯಾಗ್ ಅಂದಾಜಿನ ಕೆಲಸವಲ್ಲ

ಮೀನು ಜೋರಾಗಿ ಎಳೆದಾಗ ದಾರ ಕಡಿಯುವ ಬದಲು ಬಿಚ್ಚಿಕೊಳ್ಳುವಂತೆ ಮಾಡುವುದೇ ಡ್ರ್ಯಾಗ್. ಅದನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡಬೇಕು. 20 ಪೌಂಡಿನ ದಾರ ಎಂದರೆ ಸುಮಾರು 9 ಕಿಲೋ, ಹಾಗಾದರೆ ಡ್ರ್ಯಾಗ್ ಎರಡೂಕಾಲರಿಂದ ಮೂರು ಕಿಲೋ. ಗುಜರಿಯವರ ಕೈಯಲ್ಲಿರುವಂಥ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ, ರಾಡನ್ನು ಓರೆಯಾಗಿ ಹಿಡಿದು, ಇನ್ನೊಬ್ಬರಿಂದ ತಕ್ಕಡಿ ಎಳೆಸಿ. ಮುಳ್ಳು ಎರಡೂವರೆಗೆ ಬಂದಾಗ ದಾರ ಬಿಚ್ಚಿಕೊಳ್ಳುವವರೆಗೆ ಡ್ರ್ಯಾಗ್ ತಿರುಪನ್ನು ಹೊಂದಿಸಿ.

ಮಿಕ್ಕ ಬಲವನ್ನು ಸುಮ್ಮನೆ ಬಿಟ್ಟಂತಾಯಿತಲ್ಲ ಎನಿಸಬಹುದು. ಹಾಗಲ್ಲ. ಮೀನು ಓಡಿದಂತೆ ಸ್ಪೂಲಿನಲ್ಲಿ ಸುತ್ತಿದ ದಾರದ ವ್ಯಾಸ ಕುಗ್ಗುತ್ತದೆ. ವ್ಯಾಸ ಅರ್ಧಕ್ಕಿಳಿದರೆ, ತಿರುಪು ಮುಟ್ಟದಿದ್ದರೂ ದಾರದ ಮೇಲಿನ ಎಳೆತ ದುಪ್ಪಟ್ಟು. ನೀರಿನಲ್ಲಿರುವ ದಾರದ ಸೆಳೆತ ಬೇರೆ, ಗಂಟಿನ ದೌರ್ಬಲ್ಯ ಬೇರೆ. ಉಳಿಸಿಟ್ಟ ಬಲ ಅಲ್ಲಿ ಖರ್ಚಾಗುತ್ತದೆ. ಮೀನು ಓಡುತ್ತಿರುವಾಗ ಗಾಬರಿಯಲ್ಲಿ ಡ್ರ್ಯಾಗ್ ಬಿಗಿ ಮಾಡುವುದೇ ಒಳ್ಳೆಯ ಮೀನು ಕೈಬಿಡುವ ಖಚಿತ ದಾರಿ.

ದೋಣಿಯ ಸಾಮಾನು

ದೋಣಿಗೆ ಮೊದಲು ಕೊಳ್ಳಬೇಕಾದ್ದು ಲೈಫ್ ಜಾಕೆಟ್, ತಲೆಗೊಂದರಂತೆ. ಅದು ಸೀಟಿನಡಿ ಅಲ್ಲ, ಮೈಮೇಲೆ ಇರಬೇಕು. ಔಟ್‌ಬೋರ್ಡ್ ಇಂಜಿನ್ ಜೊತೆ ಬರುವ ಸುರುಳಿ ಬಳ್ಳಿಯನ್ನು ಇಂಜಿನ್ ನಡೆಸುವವರು ಮಣಿಕಟ್ಟಿಗೋ ಜಾಕೆಟ್‌ಗೋ ಸಿಕ್ಕಿಸಿಕೊಳ್ಳಲೇಬೇಕು. ಅವರು ನೀರಿಗೆ ಬಿದ್ದರೆ ಇಂಜಿನ್ ತಾನಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ಖಾಲಿ ದೋಣಿ ಪ್ರೊಪೆಲ್ಲರ್ ತಿರುಗಿಸುತ್ತಾ ಅವರ ಸುತ್ತಲೇ ಸುತ್ತಬಹುದು. ಇಂಧನವನ್ನು ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂದು ಎಣಿಸಿಕೊಳ್ಳಿ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡು ಸಂಖ್ಯೆಗಳನ್ನು ದೋಣಿಯ ಒಳಬದಿಯಲ್ಲಿ ಬಣ್ಣದಲ್ಲೇ ಬರೆಸಿ. ಮೊಬೈಲ್ ಒದ್ದೆಯಾದಾಗ ಅದರೊಳಗಿನ ಸಂಖ್ಯೆ ಉಪಯೋಗಕ್ಕೆ ಬಾರದು.

ಇಂಜಿನ್ ಆರಿಸುವಾಗ ನಿಯಮವೂ ಲೆಕ್ಕಕ್ಕಿರಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳಿಗಷ್ಟೇ ಅಲ್ಲ, 10 ಅಶ್ವಶಕ್ತಿ ಮೀರಿದ ಇಂಜಿನ್ ಕಟ್ಟಿದ ನಾಡದೋಣಿಗಳಿಗೂ ಅನ್ವಯಿಸುತ್ತದೆ. ನಿಯಮದಿಂದ ವಿನಾಯಿತಿ ಇದ್ದರೂ ಮಳೆಗಾಲದ ಅಳಿವೆಯಲ್ಲಿ ಹವ್ಯಾಸಿಗಳಿಗೆ ಕೆಲಸವಿಲ್ಲ. ಇಳಿತದ ನೀರು ಎದುರು ಅಲೆಗೆ ಬಡಿದು ಏಳುವ ಜಾಗವದು. ಹೊರಡುವ ಮುಂಚೆ ಸಾಗರ ಮಾಹಿತಿ ಸಂಸ್ಥೆ ಇನ್‌ಕೋಯಿಸ್‌ನ ಅಲೆಯ ಮುನ್ನೆಚ್ಚರಿಕೆ ನೋಡಿ, ಆಮೇಲೆ ದಡದ ಮೀನುಗಾರರನ್ನು ಕೇಳಿ.

ಲಂಗರಿನ ಹಗ್ಗ ಆಳದ ಐದರಿಂದ ಏಳು ಪಟ್ಟು ಉದ್ದ ಬೇಕು. ಲಂಗರಿಗೆ ಒಂದೆರಡು ಮೀಟರ್ ಸರಪಳಿ ಸೇರಿಸಿದರೆ ಅದು ಮಲಗಿಕೊಂಡು ಕಚ್ಚುತ್ತದೆ. ಕಟ್ಟುವುದು ಸದಾ ದೋಣಿಯ ಮುಂಭಾಗಕ್ಕೆ. ಹಿಂಭಾಗಕ್ಕೆ ಕಟ್ಟಿದರೆ ಇಂಜಿನ್ ಭಾರದಿಂದ ಮೊದಲೇ ತಗ್ಗಿರುವ ಕಡೆಗೇ ಅಲೆ ನುಗ್ಗುತ್ತದೆ.

ಫಿಶ್ ಫೈಂಡರ್ ಇಷ್ಟೆಲ್ಲ ಆದ ಮೇಲೆ. ಅದರ ಸಂವೇದಕವನ್ನು ಹಿಂಬದಿಯ ಹಲಗೆಗೆ, ಪ್ರೊಪೆಲ್ಲರಿನಿಂದ ದೂರ, ತಳದ ಮಟ್ಟಕ್ಕಿಂತ ತುಸು ಕೆಳಗೆ ಕೂರಿಸಿ. ನೊರೆಗುಳ್ಳೆ ಹಾಯುವಲ್ಲಿ ಕೂರಿಸಿದರೆ ದೋಣಿ ಓಡುವಾಗ ಪರದೆಯಲ್ಲಿ ಬರೀ ಗೀಟುಗಳು. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಅದನ್ನು ಸೇರಿಸದೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಕೊಡಿ, ಪ್ಲಸ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ.

ದಡಕ್ಕೆ ಬಂದ ದಿನವೇ ಇಂಜಿನ್ನಿಗೆ ಸಿಹಿನೀರು ಹಾಯಿಸಿ. ರೀಲಿನ ಡ್ರ್ಯಾಗ್ ಬಿಗಿ ಮಾಡಿ, ಮೆಲ್ಲಗೆ ಮೇಲಿನಿಂದ ನೀರು ಸುರಿಯಿರಿ. ಜೋರು ಪೈಪಿನ ನೀರು ಉಪ್ಪನ್ನು ಒಳಕ್ಕೇ ತಳ್ಳುತ್ತದೆ, ಬಕೆಟ್‌ನಲ್ಲಿ ಮುಳುಗಿಸುವುದೂ ಬೇಡ. ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಒಣಗಿಸಿ, ದಾರ ಹಾಯುವ ರೋಲರಿಗೆ ಒಂದು ಹನಿ ಎಣ್ಣೆ ಬಿಡಿ. ಒಂದು ಋತು ಮುಗಿದಾಗ ಬ್ರೇಡಿನ ಮೇಲಿನ ಐವತ್ತು ಅರವತ್ತು ಮೀಟರ್ ಸವೆದು ಮಸುಕಾಗಿರುತ್ತದೆ. ಅಷ್ಟಕ್ಕೆ ಹೊಸದು ಕೊಳ್ಳಬೇಡಿ. ಪೂರ್ತಿ ಬಿಚ್ಚಿ ತಿರುಗುಮುರುಗಾಗಿ ಸುತ್ತಿದರೆ, ಇದುವರೆಗೆ ನೀರು ಕಾಣದ ತಳದ ದಾರ ಇನ್ನೊಂದು ಋತುವಿಗೆ ಮೇಲೆ ಬರುತ್ತದೆ.