ಅತಿವೇಗವೂ ಪೋಷಕರ ಹೊಣೆಯೂ

ಅತಿವೇಗದಿಂದ ವಾಹನ ನಡೆಸಿದವರಿಗಷ್ಟೇ ದಂಡನೆಯೆಂದು ತಂದೆತಾಯಿಗಳು ಭಾವಿಸುವುದುಂಟು. 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಈ ಭಾವನೆಯು ನಿಲ್ಲಲಾರದು. ಆ ಕಾಯಿದೆಯಂತೆ ಕಾರಿನ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ಜುಲ್ಮಾನೆ. ಅಪಾಯಕರವಾಗಿ ನಡೆಸಿದರೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ನಾವು ಲಕ್ಷ್ಯವಿಟ್ಟು ಓದತಕ್ಕದ್ದಾದರೋ 199ಎ ಪ್ರಕರಣವನ್ನು. 18 ತುಂಬದ, ಲೈಸೆನ್ಸಿಲ್ಲದ ಮಗನೋ ಮಗಳೋ (ಈ ವಿಷಯದಲ್ಲಿ ನಮ್ಮ ಹುಡುಗಿಯರೇನೂ ಹಿಂದುಳಿದಿಲ್ಲ!) ಇಂಥ ತಪ್ಪು ಮಾಡಿದರೆ, ಪೋಷಕರ ಸಮ್ಮತಿಯಿಂದಲೇ ವಾಹನವನ್ನು ನಡೆಸಿದುದೆಂದು ನ್ಯಾಯಸ್ಥಾನವು ಗ್ರಹಿಸುವುದು. ತಮಗೆ ತಿಳಿಯದೆ ನಡೆಯಿತೆಂದಾಗಲಿ, ತಡೆಯಲು ತಕ್ಕಷ್ಟು ಎಚ್ಚರವಹಿಸಿದ್ದೆವೆಂದಾಗಲಿ ರುಜುವಾತುಪಡಿಸುವ ಭಾರವು ಅವರದೇ. ಬೀಗದಕೈಯನ್ನು ಬಾಗಿಲ ಬಳಿಯ ಮೊಳೆಗೆ ತಗುಲಿಸಿಟ್ಟವರಿಗೆ ಇದು ಸುಲಭವಲ್ಲ. ರುಜುವಾತಾಗದಿದ್ದರೆ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ಜುಲ್ಮಾನೆ. ವಾಹನದ ನೋಂದಣಿಯು 12 ತಿಂಗಳು ರದ್ದು. ನಡೆಸಿದವಳಿಗೋ 25 ತುಂಬುವವರೆಗೆ ಲೈಸೆನ್ಸು ದೊರೆಯದು. ಓದು ಮುಗಿಸಿ ಉದ್ಯೋಗಕ್ಕೆ ಸೇರಿದ ಮೇಲೂ ಅವಳು ಬಸ್ಸನ್ನೇ ಕಾಯಬೇಕು.